ಢಂಕರ್, ಕೀ, ಕೋಮಿಕ್: ಸ್ಪಿತಿಯ ಗೊಂಪಾಗಳನ್ನು ಹತ್ತುವ ಕ್ರಮ

ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿಬಂದವರಲ್ಲಿ ಎರಡು ಪಂಗಡ. ಒಂದು ಪಂಗಡದವರು ಢಂಕರ್ ಗೊಂಪಾದ, ಅಂದರೆ ಬೌದ್ಧ ವಿಹಾರದ, ಭಿತ್ತಿಚಿತ್ರಗಳ ಬಗ್ಗೆ, ಕೀ ಗೊಂಪಾದ ಅಡುಗೆಮನೆಯ ಬಿಸಿ ಚಹಾದ ಬಗ್ಗೆ ಮಾತಾಡುತ್ತಾರೆ. ಇನ್ನೊಂದು ಪಂಗಡದವರಿಗೆ ನೆನಪಿರುವುದು ಕಣಿವೆಯ ಮುಖ್ಯ ಊರಾದ ಕಾಜಾದ ಹೋಟೆಲಿನ ಮಂಚ ಮತ್ತು ತಲೆನೋವು. ವಯಸ್ಸಿಗೂ ದೇಹಬಲಕ್ಕೂ ಇದರಲ್ಲಿ ದೊಡ್ಡ ಪಾತ್ರವಿಲ್ಲ. ದಿನಾ ಹತ್ತು ಕಿಲೋಮೀಟರ್ ಓಡುವವರೂ ಎರಡನೇ ಪಂಗಡಕ್ಕೆ ಸೇರುತ್ತಾರೆ. ಕಣಿವೆಯನ್ನು ಯಾವ ಬಾಗಿಲಿನಿಂದ ಹೊಕ್ಕಿರಿ, ಯಾವ ಊರಲ್ಲಿ ರಾತ್ರಿ ಮಲಗಿದಿರಿ, ಯಾವ ಗೊಂಪಾವನ್ನು ಮೊದಲು ಹತ್ತಿದಿರಿ, ಬಹುಪಾಲು ಇದರ ಮೇಲೆಯೇ ಎಲ್ಲ ನಿಂತಿದೆ.

ಬಾಗಿಲುಗಳು ಎರಡು. ಒಂದು ಶಿಮ್ಲಾ ಕಡೆಯದು: ನಾರ್ಕಂಡಾ, ರಾಮಪುರ, ಕರ್ಚಮ್, ರೆಕಾಂಗ್ ಪಿಯೊ, ಖಾಬ್, ನಾಕೊ, ಸುಮ್ದೊ, ಟಾಬೊ ದಾಟಿ ಕಾಜಾ. ಒಟ್ಟು ಹತ್ತಿರ ಹತ್ತಿರ 420 ಕಿ.ಮೀ. ಇನ್ನೊಂದು ಮನಾಲಿ ಕಡೆಯದು: ಅಟಲ್ ಸುರಂಗ, ಗ್ರಾಂಫು, ಛತ್ರು, ಬಾತಲ್, ಕುಂಜುಮ್ ಕಣಿವೆದಾರಿ, ಲೋಸರ್, ಕಾಜಾ. ಇದು 200 ಕಿ.ಮೀ.ಗೂ ಕಡಿಮೆ. 2020ರ ಅಕ್ಟೋಬರಿನಲ್ಲಿ ಸುರಂಗ ತೆರೆದ ಮೇಲಂತೂ ಮನಾಲಿಯಿಂದ ಬೆಳಗ್ಗೆ ಹೊರಟು ಸಂಜೆಗೆ ಕಾಜಾ ಸೇರುವುದು ಸಲೀಸಾಗಿದೆ, ಅದರ ಜೊತೆಗೆ ತೊಂದರೆಯೂ ಸಲೀಸಾಗಿದೆ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಕುಂಜುಮ್ 4,500 ಮೀಟರಿಗೂ ಮೇಲೆ. ಕಾಜಾ ಸುಮಾರು 3,650. ಅಂದರೆ ನಿನ್ನೆ ರಾತ್ರಿ ಮಲಗಿದ್ದಕ್ಕಿಂತ 1,600 ಮೀಟರ್ ಮೇಲೆ ಈ ರಾತ್ರಿ ಮಲಗುತ್ತೀರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಪ್ರತಿ ಮೂರ್ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು ಅನ್ನುವುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಮನಾಲಿ ದಾರಿ ಈ ಲೆಕ್ಕವನ್ನು ಒಂದೇ ಹಗಲಿನಲ್ಲಿ ಮುರಿದುಹಾಕುತ್ತದೆ.

ಹಾಗಾಗಿ ಶಿಮ್ಲಾ ಕಡೆಯಿಂದ ಒಳಗೆ, ಮನಾಲಿ ಕಡೆಗೆ ಹೊರಗೆ. ಬೆಂಗಳೂರಿನಿಂದ ಹೋಗುವವರಿಗೆ ಚಂಡೀಗಡವೇ ಅನುಕೂಲ. ವಿಮಾನವಿದೆ, ಯಶವಂತಪುರದಿಂದ ಸಂಪರ್ಕ ಕ್ರಾಂತಿ ರೈಲೂ ಇದೆ. ಮೊದಲ ರಾತ್ರಿ ನಾರ್ಕಂಡಾ ಅಥವಾ ಸರಾಹನ್. ನಂತರ ಕಲ್ಪಾದಲ್ಲಿ ಎರಡು ರಾತ್ರಿ. ಕಲ್ಪಾ ಇರುವುದು ಸುಮಾರು 2,960 ಮೀಟರಿನಲ್ಲಿ, ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಹೇಳಿ ಮಾಡಿಸಿದ ಜಾಗ. ಅದಾದ ಮೇಲೆ ಹೆಚ್ಚಿನವರು ಎಡವುವುದು ನಾಕೊದಲ್ಲಿ. ಪುಟ್ಟ ಸರೋವರ, ಹಳೆಯ ಗುಡಿಗಳು, ಚೆಂದದ ಊರು, ಹಾಗಾಗಿ ಎಲ್ಲರ ಪಟ್ಟಿಯಲ್ಲೂ ಕಲ್ಪಾದ ನಂತರದ ರಾತ್ರಿ ಅಲ್ಲೇ. ನಾಕೊ 3,600 ಮೀಟರಿಗೂ ಮೇಲಿದೆ, ಮುಂದಿನ ಟಾಬೊ ಸುಮಾರು 3,280ರಲ್ಲಿದೆ. ಮಧ್ಯಾಹ್ನದ ಊಟ, ಸರೋವರದ ಸುತ್ತ ಒಂದು ನಡಿಗೆ, ಗುಡಿಯ ದರ್ಶನ ನಾಕೊದಲ್ಲಿ ಮುಗಿಸಿ, ಮಲಗಲು ಟಾಬೊಗೆ ಇಳಿಯಿರಿ. ಕಲ್ಪಾದ ಕೆಳಗಿನ ಪಿಯೊದಿಂದ ಟಾಬೊಗೆ ಸುಮಾರು 160 ಕಿ.ಮೀ. ಬೆಳಗ್ಗೆ ಏಳರೊಳಗೆ ಹೊರಟರೆ ಸಂಜೆಗೆ ಆರಾಮವಾಗಿ ತಲುಪಬಹುದು. ಟಾಬೊದಲ್ಲಿ ಎರಡು ರಾತ್ರಿ, ಅಲ್ಲಿಂದ ಢಂಕರ್ ನೋಡಿಕೊಂಡು ಕಾಜಾದಲ್ಲಿ ಎರಡು ರಾತ್ರಿ, ಆಮೇಲೆ ಕೀ, ಕಿಬ್ಬರ್, ಕೋಮಿಕ್. ಈ ಕ್ರಮದಲ್ಲಿ ಹೋದರೆ ಹಗಲು ಹತ್ತಿ ರಾತ್ರಿ ಇಳಿದು ಮಲಗುವುದು ತಾನಾಗಿಯೇ ಆಗುತ್ತದೆ.

ಇಷ್ಟಾದರೂ ಕೆಲವರಿಗೆ ತಲೆನೋವು ಬರುತ್ತದೆ. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಅಥವಾ ತಲೆಸುತ್ತು ಸೇರಿದರೆ ಅದು ಎತ್ತರದ ಕಾಯಿಲೆ ಎಂದೇ ತಿಳಿದು, ಅಲ್ಲಿಂದ ಮೇಲೆ ಹೋಗಬಾರದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿಗಿಂತ ಲಕ್ಷಣವನ್ನು ನಂಬಿ. ಅಂಕಿ ಚೆನ್ನಾಗಿದ್ದೂ ವಾಂತಿ ಮಾಡಿಕೊಳ್ಳುವವರಿದ್ದಾರೆ. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗುರ್ ಗುರ್ ಸದ್ದು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತೊದಲುತ್ತಿದ್ದರೆ ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿ. ವಾಲಿದರೆ ಮಿದುಳು ಊದಿಕೊಳ್ಳುತ್ತಿದೆ. ಈ ಎರಡಕ್ಕೂ ಮದ್ದು ಒಂದೇ, ತಕ್ಷಣ ಇಳಿಯುವುದು. ಕಾಜಾದಿಂದ ಇಳಿಯುವುದೆಂದರೆ ಟಾಬೊ, ಸುಮ್ದೊ, ಪಿಯೊ ಕಡೆಗೆ. ನಕ್ಷೆ ನೋಡಿ ಮನಾಲಿ ಹತ್ತಿರವೆಂದು ಕುಂಜುಮ್ ಕಡೆ ಗಾಡಿ ತಿರುಗಿಸಿದರೆ ರೋಗಿಯನ್ನು ಇನ್ನೂ 900 ಮೀಟರ್ ಮೇಲಕ್ಕೆ ಹತ್ತಿಸಿದಂತಾಗುತ್ತದೆ. ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಆಮ್ಲಜನಕ ಸಿಗುತ್ತದೆ, ಮೊದಲು ಅಲ್ಲಿಗೆ. ಅಸೆಟಜೋಲಮೈಡ್ ಮಾತ್ರೆಯನ್ನು ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧದ ಅಲರ್ಜಿ ಇರುವವರು, ಕಿಡ್ನಿ ತೊಂದರೆಯವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮ್ಮೆನ್ನುವುದು, ಮೂತ್ರ ಹೆಚ್ಚಾಗುವುದು ಅದರ ಗುಣ. ಗಾಬರಿ ಬೇಡ, ನೀರು ಹೆಚ್ಚು ಕುಡಿಯಿರಿ.

ಕಾಲದ ವಿಚಾರ. ಸ್ಪಿತಿ ಮಳೆನೆರಳಿನ ನಾಡು, ಜುಲೈ ಆಗಸ್ಟಿನಲ್ಲೂ ಅಲ್ಲಿ ಹೆಚ್ಚು ಮಳೆಯಿಲ್ಲ. ಇದನ್ನು ಓದಿಯೇ ಹಲವರು ಆಗಸ್ಟಿನಲ್ಲಿ ಟಿಕೆಟ್ ಮಾಡಿಸಿಬಿಡುತ್ತಾರೆ. ಸ್ಪಿತಿಗೆ ಹೋಗುವ ದಾರಿಗೆ ಮಾತ್ರ ಮುಂಗಾರು ಚೆನ್ನಾಗಿಯೇ ಹೊಡೆಯುತ್ತದೆ ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಗಿರುತ್ತದೆ. ಕಿನ್ನೌರಿನ ಕೆಳಭಾಗದಲ್ಲಿ ಸತ್ಲಜ್ ಕೊರೆದ ಕಡಿದಾದ ಗೋಡೆಗೆ ಅಂಟಿಕೊಂಡೇ ರಸ್ತೆ ಸಾಗುತ್ತದೆ. 2021ರ ಆಗಸ್ಟಿನಲ್ಲಿ ನಿಗುಲ್ಸರಿಯಲ್ಲಿ ಗುಡ್ಡ ಜಾರಿ ಬಸ್ಸನ್ನೇ ಹೂತುಹಾಕಿದ್ದು ಈ ಹೆದ್ದಾರಿಯಲ್ಲೇ. ಜೂನ್ ನಡುವಿನಿಂದ ಜುಲೈ ಮೊದಲ ವಾರದವರೆಗೆ ಒಂದು ಅವಕಾಶ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಇನ್ನೊಂದು. ಎರಡನೆಯದೇ ವಾಸಿ. ಬೆಟ್ಟದ ಹಳ್ಳಗಳಲ್ಲಿ ನೀರು ಇಳಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಕಿನ್ನೌರಿನಲ್ಲಿ ಸೇಬಿನ ಕಾಲ.

ಟಾಬೊ ಗೊಂಪಾ ಬಂಡೆಯ ಮೇಲಿಲ್ಲ, ಸಮತಟ್ಟು ನೆಲದಲ್ಲಿದೆ. ಕ್ರಿ.ಶ. 996ರಲ್ಲಿ ಕಟ್ಟಿದ್ದು, 1042ರಲ್ಲಿ ಜೀರ್ಣೋದ್ಧಾರವಾದದ್ದು. ಸಾವಿರ ವರ್ಷ ದಾಟಿದ ಮಣ್ಣಿನ ಗೋಡೆ. ಮುಂದೆ ಬಂಡೆಯಂಚಿನ ಗೊಂಪಾಗಳಲ್ಲಿ ಏನನ್ನು ನೋಡಬೇಕು ಎಂದು ಕಣ್ಣಿಗೆ ಪಾಠವಾಗುವುದು ಇಲ್ಲಿಯೇ. ಒಳಗೆ ಮಾಡಿನ ಕಿಂಡಿಯಿಂದ ಬೀಳುವ ಬೆಳಕಷ್ಟೇ ಇರುತ್ತದೆ, ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಐದಾರು ನಿಮಿಷ ಏನೂ ಕಾಣುವುದಿಲ್ಲ. ಕಾಯಿರಿ. ನಿಧಾನವಾಗಿ ಗೋಡೆಯಿಂದ ಗಾರೆಯ ಮೂರ್ತಿಗಳು ಒಂದೊಂದಾಗಿ ಮುಂದೆ ಬರುತ್ತವೆ. ಫೋಟೊ ನಿಷಿದ್ಧ. ರಸ್ತೆಯ ಆಚೆ ಕಡಿದಾದ ದಿಣ್ಣೆಯಲ್ಲಿ ಗುಹೆಗಳಿವೆ, ಲಾಮಾಗಳು ಧ್ಯಾನಕ್ಕೂ ಚಳಿಗಾಲಕ್ಕೂ ಬಳಸುತ್ತಿದ್ದವು. ಟಾಬೊದ ಎರಡನೇ ದಿನ ಇವುಗಳಿಗೆ ಹತ್ತಿ ಇಳಿದರೆ, ಢಂಕರ್‌ಗೆ ನಿಮ್ಮ ಉಸಿರು ಸಿದ್ಧವಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನು ಢಂಕರ್. ಟಾಬೊ ಕಾಜಾ ನಡುವೆ ಹೆಚ್ಚೂಕಡಿಮೆ ಅರ್ಧ ದಾರಿಯಲ್ಲಿ ಶಿಚ್ಲಿಂಗ್ ಎಂಬ ಊರು. ಅಲ್ಲಿ ಹೆದ್ದಾರಿ ಬಿಟ್ಟು ಸುಮಾರು 8 ಕಿ.ಮೀ. ತಿರುವುಗಳನ್ನು ಹತ್ತಬೇಕು. ಪಿಯೊ ಕಾಜಾ ಬಸ್ಸಿನಲ್ಲಿ ಬರುವವರು ಶಿಚ್ಲಿಂಗ್‌ನಲ್ಲಿ ಇಳಿದರೆ ಮೇಲಕ್ಕೆ ನಡೆಯಬೇಕು ಅಥವಾ ಯಾರದಾದರೂ ಗಾಡಿಗೆ ಕೈ ತೋರಿಸಬೇಕು. ಗೊಂಪಾ 3,894 ಮೀಟರಿನಲ್ಲಿ, ಸ್ಪಿತಿ ಮತ್ತು ಪಿನ್ ನದಿಗಳು ಕೂಡುವ ಜಾಗದ ನೇರ ಮೇಲೆ, ಹಲ್ಲು ಹಲ್ಲಾಗಿ ಕೊರೆದ ಏಣಿನ ತುದಿಯಲ್ಲಿದೆ. ಅದಕ್ಕೂ ಮೇಲೆ ಪಾಳುಬಿದ್ದ ಕೋಟೆ. ಸ್ಪಿತಿಯನ್ನು ಆಳುತ್ತಿದ್ದ ನೋನೋಗಳದ್ದು. 17ನೇ ಶತಮಾನದಲ್ಲಿ ಇದೇ ಈ ಕಣಿವೆಯ ರಾಜಧಾನಿ. ಅಲ್ಲಿ ನಿಂತರೆ ಎರಡು ನದಿಗಳ ದಾರಿಯಲ್ಲಿ ಯಾರು ಬಂದರೂ ಗಂಟೆಗಟ್ಟಲೆ ಮುಂಚೆಯೇ ಕಾಣಿಸುತ್ತಾರೆ. ಗೊಂಪಾವನ್ನು ಇಷ್ಟು ಎತ್ತರಕ್ಕೆ ಹೊತ್ತೊಯ್ದದ್ದು ಏಕೆ ಎಂದು ಕೇಳುವವರಿಗೆ ಉತ್ತರ ಆ ನೋಟದಲ್ಲೇ ಇದೆ. ಇನ್ನೊಂದು ಕಾರಣ ಕೆಳಗೆ ಕಾಣುತ್ತದೆ: ಬಟಾಣಿ, ಬಾರ್ಲಿ ಬೆಳೆಯಲು ನೀರು ಹಾಯುವ ನೆಲ ಇಲ್ಲಿ ಅಂಗೈಯಷ್ಟು. ಅದರ ಮೇಲೆ ಯಾರೂ ಕಟ್ಟಡ ಕಟ್ಟುವುದಿಲ್ಲ.

ಢಂಕರ್ ಏಣನ್ನು ದೂರದಿಂದ ನೋಡಿದವರು ಬಂಡೆ ಅಂದುಕೊಳ್ಳುತ್ತಾರೆ. ಹತ್ತಿರ ಹೋಗಿ ಬೆರಳಿನಿಂದ ಕೆರೆಯಿರಿ, ಗೊಂಪಾದಿಂದ ದೂರ, ರಸ್ತೆಯ ಪಕ್ಕದಲ್ಲಿ. ಜಲ್ಲಿ, ಹೂಳು, ಜೇಡಿ ಎಲ್ಲ ಸೇರಿ ಕಾಲಕ್ರಮದಲ್ಲಿ ಗಟ್ಟಿಯಾದ ರಾಶಿ ಅದು. ಒಣಗಿದ್ದಾಗ ಕಲ್ಲಿನಷ್ಟೇ ಬಿರುಸು, ನೆನೆದರೆ ಕರಗುತ್ತದೆ. ಬಂದ ಅಷ್ಟಿಷ್ಟು ಮಳೆಯೂ ಹಿಮಕರಗಿದ ನೀರೂ ಒಂದೇ ಜಾಡಿನಲ್ಲಿ ಹರಿದು ಸೀಳುಗಳನ್ನು ಆಳ ಮಾಡುತ್ತಾ ಹೋಗಿ, ನಡುವೆ ಉಳಿದ ಮಣ್ಣು ಕಂಬಗಳಾಗಿ ನಿಂತಿದೆ. ಮೇಲೊಂದು ದೊಡ್ಡ ಕಲ್ಲು ಕೊಡೆ ಹಿಡಿದಂತೆ ಕುಳಿತಿರುವಲ್ಲಿ ಕಂಬ ಉಳಿಯುತ್ತದೆ, ಕಲ್ಲು ಉರುಳಿದ ಮೇಲೆ ಕಂಬವೂ ಹೋಗುತ್ತದೆ. ಗೊಂಪಾ ನಿಂತಿರುವುದು ಇಂಥ ಕಂಬಗಳ ನಡುವೆ, ಇಂಥದ್ದೇ ಮಣ್ಣಿನ ಮೇಲೆ. 2006ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಜಗತ್ತಿನ ನೂರು ಅಪಾಯದ ತಾಣಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಈಗ ಲಾಮಾಗಳ ವಾಸ ಬಹುಪಾಲು ಹತ್ತಿರದ ಹೊಸ ಗೊಂಪಾದಲ್ಲಿ. ಉಳಿದುಕೊಳ್ಳಲು ಕೋಣೆ, ಊಟ ಸಿಗುವುದೂ ಅಲ್ಲೇ.

ಹಳೆಯ ಕಟ್ಟಡದ ಒಳಗೆ ಹೇಗೆ ನಡೆಯಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು. ಗೋಡೆ ಎಂದರೆ ಕಲ್ಲಿನ ತಳಪಾಯದ ಮೇಲೆ ಬಿಸಿಲಿಗೆ ಒಣಗಿಸಿದ ಮಣ್ಣಿನ ಇಟ್ಟಿಗೆ. ತಾರಸಿ ಎಂದರೆ ಪಾಪ್ಲರ್ ಅಥವಾ ವಿಲ್ಲೊ ಮರದ ತೊಲೆ, ಅದರ ಮೇಲೆ ಒತ್ತಾಗಿ ಜೋಡಿಸಿದ ಕಡ್ಡಿ, ಅದರ ಮೇಲೆ ಕುಟ್ಟಿ ಕೂರಿಸಿದ ಜೇಡಿಮಣ್ಣು. ಒಣ ಹವೆಗೆ, ಹಗುರ ಹಿಮಕ್ಕೆ ಹೇಳಿ ಮಾಡಿಸಿದ ವಿಧಾನ. ಬಿದ್ದ ಹಿಮವನ್ನು ಆಗಿಂದಾಗ ತಾರಸಿಯಿಂದ ಗೋರಿ ಕೆಳಗೆ ಹಾಕುತ್ತಾರೆ, ಕರಗಲು ಬಿಟ್ಟರೆ ಮಣ್ಣು ನೀರು ಕುಡಿದು ತೂಕ ಹೆಚ್ಚಿ ತೊಲೆ ಬಾಗುತ್ತದೆ. ಬಿಡದೆ ಒಂದೆರಡು ದಿನ ಮಳೆ ಹಿಡಿದರೂ ಇದೇ ಪಾಡು, ಜೊತೆಗೆ ಸೋರಿದ ನೀರು ಭಿತ್ತಿಚಿತ್ರದ ಮೇಲೆ ಕೆಸರಿನ ಗೆರೆ ಎಳೆಯುತ್ತದೆ. ಮಳೆಯಾದ ಮರುದಿನ ಹಳೆಯ ಗೊಂಪಾ ಮುಚ್ಚಿದ್ದರೆ ಬಾಗಿಲು ತೆಗೆಸಲು ಒತ್ತಾಯಿಸಬೇಡಿ.

ಒಳಗೆ ಒಮ್ಮೆಗೆ ಹೆಚ್ಚು ಜನ ಹೋಗಬಾರದು. ಗುಂಪಿನಲ್ಲಿ ಬಂದಿದ್ದರೆ ನೀವೇ ಐದೈದು ಮಂದಿಯಾಗಿ ಒಡೆದುಕೊಳ್ಳಿ, ಯಾರಾದರೂ ಹೇಳುವವರೆಗೆ ಕಾಯಬೇಡಿ. ಮೇಲ್ಮಹಡಿಯಲ್ಲಿ ಕೋಣೆಯ ನಟ್ಟನಡುವೆ ಒಟ್ಟಾಗಿ ನಿಲ್ಲದೆ ಗೋಡೆಯ ಹತ್ತಿರ ಚದುರಿ ನಿಲ್ಲಿ. ತೊಲೆ ಹೆಚ್ಚು ಬಾಗುವುದು ನಡುವಿನಲ್ಲಿ, ತುದಿ ಗೋಡೆಯ ಮೇಲೆ ಕುಳಿತಿರುತ್ತದೆ. ಹತ್ತಿರ ನಿಲ್ಲಿ ಎಂದರೆ ಒರಗಿ ಎಂದಲ್ಲ: ಬೆನ್ನುಚೀಲ ಚಿತ್ರಕ್ಕೆ ಉಜ್ಜಿದರೆ ಬಣ್ಣ ಪುಡಿಯಾಗಿ ಬರುತ್ತದೆ. ಚೀಲ ಹೊರಗೇ ಇರಲಿ. ಬಾಗಿಲುಗಳು ಎದೆಯೆತ್ತರ, ಹೊಸ್ತಿಲು ಮೊಣಕಾಲಿನತ್ತ, ಎರಡನ್ನೂ ಒಟ್ಟಿಗೆ ನೋಡಿಕೊಳ್ಳಲು ಹೋಗಿ ಹಣೆ ಚಚ್ಚಿಕೊಳ್ಳುವವರೇ ಹೆಚ್ಚು. ಕಡಿದಾದ ಮರದ ಏಣಿಯನ್ನು ಇಳಿಯುವಾಗ ಮುಖ ಏಣಿಯ ಕಡೆಗಿರಲಿ. ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕೂ ದಿಕ್ಕಿಗೆ ಮುಖ ಮಾಡಿ ಕುಳಿತ ವೈರೋಚನ ಬುದ್ಧನ ಮೂರ್ತಿಯನ್ನು ನೋಡದೆ ಬರಬೇಡಿ. ಮೇಲಿರುವ ಪುಟ್ಟ ಗುಡಿಯ ಚಿತ್ರಗಳಿಗೆ ಸಣ್ಣ ಟಾರ್ಚ್ ಬೇಕು. ಬೆಳಕನ್ನು ನೇರ ಚಿತ್ರದ ಮೇಲೆ ಹಿಡಿದು ನಿಲ್ಲಿಸದೆ ನೆಲಕ್ಕೆ ಬಿಟ್ಟರೂ ಸಾಕಷ್ಟು ಕಾಣುತ್ತದೆ. ತಾರಸಿಗೆ ಬಿಟ್ಟರೆ, ಅಂಚಿನ ಕಟ್ಟೆಯ ಮೇಲೆ ಕೂರಬೇಡಿ, ಕೈಯೂರಲೂ ಬೇಡಿ. ಆ ಕಟ್ಟೆ ನೀರು ತಡೆಯಲು ಇದೆ, ಮನುಷ್ಯರನ್ನು ತಡೆಯಲು ಅಲ್ಲ. ಫೋಟೊಗೆಂದು ಏಣಿನ ತುದಿಯ ಮಣ್ಣಿನ ಕಂಬಗಳ ಕಡೆ ಹೋಗುವ ಕಾಲುಜಾಡುಗಳಿವೆ, ಅವು ಅದೇ ಮಣ್ಣಿನವು. ಕೆಳಗಿನಿಂದ ಟೊಳ್ಳಾಗಿರುವುದು ಮೇಲೆ ನಿಂತವರಿಗೆ ತಿಳಿಯುವುದಿಲ್ಲ.

ಸಮಯವೂ ಮುಖ್ಯ. ಸ್ಪಿತಿಯಲ್ಲಿ ಬೆಳಗು ಸ್ತಬ್ಧ. ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ಕಣಿವೆಯುದ್ದಕ್ಕೂ ಗಾಳಿ ಏಳುತ್ತದೆ, ಇಂಥ ಏಣಿನ ಮೇಲೆ ಅದು ಕಣ್ಣಿಗೆ ಮರಳು ಎರಚಿ ಆಯತಪ್ಪಿಸುವಷ್ಟು ಬಲವಾಗಿರುತ್ತದೆ. ಟಾಬೊದಿಂದ ಏಳೂವರೆಗೆ ಹೊರಟು ಹನ್ನೊಂದರೊಳಗೆ ಗೊಂಪಾ ಮುಗಿಸುವುದು ಸರಿಯಾದ ಲೆಕ್ಕ. ಢಂಕರ್ ಸರೋವರಕ್ಕೆ ಊರಿನ ಮೇಲಿನಿಂದ ಒಂದು ಗಂಟೆಯ ಏರು, ಎತ್ತರ 4,100 ಮೀಟರ್ ಮೀರುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಜಲ್ಲಿ ಜಾರುತ್ತದೆ, ಕೋಲು ಇದ್ದರೆ ಒಳ್ಳೆಯದು. ಜೂನ್ ಆರಂಭದಲ್ಲಿ ನೀರು, ಸೆಪ್ಟೆಂಬರಿನಲ್ಲಿ ಕೆಲವೊಮ್ಮೆ ಬರೀ ಕೆಸರಿನ ಬಟ್ಟಲು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬಂದಿರದಿದ್ದರೆ ಸರೋವರವನ್ನು ಬಿಡಿ, ಗೊಂಪಾವನ್ನು ಬಿಡಬೇಡಿ.

ಕೀ ಗೊಂಪಾ ಸ್ಪಿತಿಯಲ್ಲೇ ದೊಡ್ಡದು, 4,166 ಮೀಟರ್, ಕಾಜಾದಿಂದ ಹದಿನಾಲ್ಕು ಕಿ.ಮೀ. ಒಳಗೆ. ಇಲ್ಲಿ ಗುಡ್ಡ ಶಂಕುವಿನಾಕಾರದ್ದು, ಗೊಂಪಾ ಅದರ ನೆತ್ತಿಯಿಂದ ಕೆಳಕ್ಕೆ ಪೆಟ್ಟಿಗೆ ಪೆಟ್ಟಿಗೆಯಾಗಿ ಇಳಿದಿದೆ. ಯಾರೋ ಒಬ್ಬ ಶಿಲ್ಪಿ ಕುಳಿತು ಹಾಕಿದ ನಕ್ಷೆಯಲ್ಲ ಇದು. 17ನೇ ಶತಮಾನದಲ್ಲಿ ಮಂಗೋಲರ ದಾಳಿ, 19ನೇ ಶತಮಾನದಲ್ಲಿ ಮೊದಲು ಲಡಾಖ್ ಕುಲ್ಲು ಕದನದ ಲೂಟಿ, 1841ರಲ್ಲಿ ಡೋಗ್ರಾ ಸೇನೆ, ನಂತರ ಸಿಖ್ಖರು. ಪ್ರತಿಸಲ ಒಡೆದದ್ದರ ಪಕ್ಕಕ್ಕೋ ಮೇಲಕ್ಕೋ ಇನ್ನೊಂದು ಕೋಣೆ ಎದ್ದಿದೆ. ಅದಕ್ಕೇ ಒಳಗಿನ ಓಣಿಗಳು ಕತ್ತಲು, ತಿರುವು, ಒಂದು ಕೋಣೆಯ ಚಾವಣಿ ಇನ್ನೊಂದರ ಅಂಗಳ. 1975ರ ಜನವರಿ 19ರ ಕಿನ್ನೌರ್ ಭೂಕಂಪ ಇಲ್ಲೂ ಗೋಡೆಗಳನ್ನು ಬಿರಿಸಿತು, ಆಮೇಲೆ ದುರಸ್ತಿಯಾಯಿತು. 2000ನೇ ಇಸವಿಯ ಆಗಸ್ಟಿನಲ್ಲಿ ದಲೈ ಲಾಮಾ ಇಲ್ಲಿ ಕಾಲಚಕ್ರ ದೀಕ್ಷೆ ನಡೆಸಿದರು, ಈಗಿನ ದೊಡ್ಡ ಸಭಾಂಗಣ ಆ ಸಂದರ್ಭಕ್ಕೆ ಎದ್ದದ್ದು.

ಗಾಡಿ ಬಹುತೇಕ ಬಾಗಿಲಿನ ತನಕ ಹೋಗುತ್ತದೆ. ಹಾಗಾಗಿ ಇಲ್ಲಿ ಕಷ್ಟಪಡುವವರು ಹೆಚ್ಚಾಗಿ ಮೆಟ್ಟಿಲು ಓಡಿ ಹತ್ತುವವರು. ಈ ಎತ್ತರದಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದಕ್ಕುವುದರ ಸುಮಾರು ಶೇ. 60 ಭಾಗ. ನಡೆಯುತ್ತಾ ಮಾತಾಡಲು ಆಗುವಷ್ಟೇ ವೇಗ ಇರಲಿ. ಬಂದವರಿಗೆ ಲಾಮಾಗಳು ಅಡುಗೆಮನೆಯಲ್ಲಿ ಗಿಡಮೂಲಿಕೆಯ ಚಹಾ ಕೊಡುತ್ತಾರೆ. ಅದಕ್ಕೆ ದರ ಕೇಳಬೇಡಿ, ಕಾಣಿಕೆ ಡಬ್ಬಿ ಇದೆ. ಎಲ್ಲರ ಫೋನಿನಲ್ಲೂ ಇರುವ ಆ ಚಿತ್ರ, ಗುಡ್ಡದ ಮೇಲೆ ಗೊಂಪಾ ಮತ್ತು ಹಿಂದೆ ಕವಲು ಕವಲಾಗಿ ಹರಿಯುವ ನದಿ, ಗೊಂಪಾದಿಂದ ಸಿಗುವುದಿಲ್ಲ. ಕಿಬ್ಬರ್ ಕಡೆ ರಸ್ತೆ ಹತ್ತಿ ಹಿಂತಿರುಗಿ ನೋಡಬೇಕು. ಬಸ್ಸಿನವರಿಗೆ ಒಂದು ತೊಡಕಿದೆ: ಕಾಜಾದಿಂದ ಕಿಬ್ಬರ್ ಕಡೆಯ ಬಸ್ಸು ಸಂಜೆ ಮೇಲೆ ಹೋಗಿ ಮರುದಿನ ಬೆಳಗ್ಗೆ ಇಳಿಯುವಂಥದ್ದು. ಅದರಲ್ಲಿ ಹೋದರೆ ರಾತ್ರಿ ಮೇಲೆಯೇ. ಕೀಯಲ್ಲಿ ಅತಿಥಿಗಳಿಗೆ ಕೋಣೆ ಕೊಡುತ್ತಾರೆ, ಕಾಜಾದಲ್ಲಿ ಎರಡು ರಾತ್ರಿ ಕಳೆದಿರುವವರಿಗೆ ಇದು ಒಳ್ಳೆಯ ಆಯ್ಕೆಯೇ. ಬೆಳಗಿನ ಪೂಜೆಯ ಡೋಲು, ಉದ್ದ ಕಹಳೆ ಕೇಳಲು ಬೇರೆ ದಾರಿಯೂ ಇಲ್ಲ. ಕಾಜಾಗೆ ಬಂದ ದಿನವೇ ಕೀಯಲ್ಲಿ ಮಲಗುವುದು ಮಾತ್ರ ಬೇಡ.

ಕೋಮಿಕ್‌ನ ತಂಗ್ಯುದ್ ಗೊಂಪಾ 4,500 ಮೀಟರಿಗೂ ಮೇಲೆ. ಇದು ಟಿಬೆಟನ್ ಬೌದ್ಧರ ಸಾಕ್ಯ ಪಂಥದ್ದು, ಗೋಡೆಯ ಪಟ್ಟೆಗಳಿಂದ ದೂರದಿಂದಲೇ ಗುರುತು ಹತ್ತುತ್ತದೆ. ರಸ್ತೆ ಸಂಪರ್ಕವಿರುವ ಜಗತ್ತಿನ ಅತಿ ಎತ್ತರದ ಹಳ್ಳಿ ಎಂಬ ಫಲಕ ಅಲ್ಲಿದೆ. ಪೆರು ದೇಶದ ಲಾ ರಿಂಕೊನಾಡಾ 5,100 ಮೀಟರಿನಲ್ಲಿ ಇಡೀ ಪಟ್ಟಣವಾಗಿಯೇ ಕುಳಿತಿದೆ, ಆದರೂ ಫಲಕದ ಮುಂದೆ ಫೋಟೊ ತೆಗೆಸಿಕೊಳ್ಳಲು ಅಡ್ಡಿಯಿಲ್ಲ. ಕಾಜಾದಿಂದ ಲಾಂಗ್ಜಾ, ಹಿಕ್ಕಿಮ್, ಕೋಮಿಕ್ ಒಂದೇ ದಿನದ ಸುತ್ತು. ಹಿಕ್ಕಿಮ್ ಅಂಚೆ ಕಚೇರಿಯಿಂದ ಊರಿಗೆ ಕಾರ್ಡ್ ಹಾಕುವವರು ಪಿನ್‌ಕೋಡ್ ಬರೆದುಕೊಂಡು ಹೋಗಿ. ಈ ಮೂರು ಊರುಗಳಿಗೂ ನೀರು ಹಿಮದ ಕೃಪೆ. ಶೌಚಾಲಯ ಒಣ ಗುಂಡಿಯದು, ಬಳಸಿದ ಮೇಲೆ ಪಕ್ಕದ ರಾಶಿಯಿಂದ ಒಂದು ಗುದ್ದಲಿ ಮಣ್ಣು ಅಥವಾ ಬೂದಿ ತಳ್ಳಬೇಕು, ನೀರು ಸುರಿಯಬಾರದು. ವಸಂತದಲ್ಲಿ ಅದೇ ಹೊಲಕ್ಕೆ ಗೊಬ್ಬರ. ಅನ್ನದ ಬಗ್ಗೆಯೂ ಒಂದು ಮಾತು: ಈ ಎತ್ತರದಲ್ಲಿ ನೀರು ಕುದಿಯುವುದು 85 ಡಿಗ್ರಿ ಸುಮಾರಿನಲ್ಲೇ. ಕುಕ್ಕರ್ ಇಲ್ಲದ ಮನೆಯಲ್ಲಿ ಅನ್ನ, ಬೇಳೆ ಕೇಳಿದರೆ ಗಟ್ಟಿಕಾಳು ಗ್ಯಾರಂಟಿ. ತುಕ್ಪಾ (ನೂಡಲ್ಸ್ ಸೂಪ್) ಕೇಳಿ.

ಗೊಂಪಾಗಳ ರೀತಿನೀತಿ ನಮಗೆ ತೀರಾ ಹೊಸದೇನಲ್ಲ. ಚಪ್ಪಲಿ ಹೊರಗೆ, ಪ್ರದಕ್ಷಿಣೆ ಬಲಕ್ಕೆ, ಪ್ರಾರ್ಥನಾ ಚಕ್ರ ತಿರುಗಿಸುವುದೂ ಅದೇ ದಿಕ್ಕಿಗೆ. ಮೂರ್ತಿಯ ಕಡೆಗೆ ಕಾಲು ಚಾಚಬಾರದು. ದಾರಿಯಲ್ಲಿ ಮಂತ್ರ ಕೆತ್ತಿದ ಮಣಿ ಕಲ್ಲುಗಳ ಗೋಡೆ ಸಿಕ್ಕರೆ ಅದು ನಿಮ್ಮ ಬಲಕ್ಕೆ ಇರುವಂತೆ ದಾಟಿ. ರಕ್ಷಕ ದೇವತೆಗಳ ಕೋಣೆ ಕೆಲವು ಕಡೆ ಹೊರಗಿನವರಿಗೆ, ಕೆಲವು ಕಡೆ ಹೆಂಗಸರಿಗೆ ತೆರೆದಿರುವುದಿಲ್ಲ. ಅದು ಯಾರಿಗೆ ಎಷ್ಟು ಒಪ್ಪಿಗೆ ಎಂಬುದು ಬೇರೆ ಮಾತು, ಬಾಗಿಲ ಕಾಯುವ ಹುಡುಗನ ಜೊತೆ ವಾದಿಸಿ ಪ್ರಯೋಜನವಿಲ್ಲ. ಡ್ರೋನ್ ಒಯ್ಯದಿರುವುದೇ ಲೇಸು, ಟಿಬೆಟ್ ಗಡಿ ಹತ್ತಿರ. ಮಾತು ಶುರುಮಾಡಲು ಕನ್ನಡಿಗರಿಗೆ ಒಂದು ಸುಲಭದ ಎಳೆ ಇದೆ. ಸ್ಪಿತಿಯ ಗೆಲುಗ್ ಪಂಥದ ಲಾಮಾಗಳಲ್ಲಿ ಅನೇಕರು ಹೆಚ್ಚಿನ ಓದಿಗೆ ಬರುವುದು ಬೈಲುಕುಪ್ಪೆಯ ಸೆರಾ, ಮುಂಡಗೋಡಿನ ಗಂದೆನ್ ಮತ್ತು ದ್ರೆಪುಂಗ್ ವಿಹಾರಗಳಿಗೆ. ಬೈಲುಕುಪ್ಪೆ ಎಂದರೆ ಸಾಕು, ಎಷ್ಟೋ ಕಡೆ ಬೀಗದ ಕೈ ತರಲು ತಾವಾಗಿಯೇ ಏಳುತ್ತಾರೆ.

ಕಾಗದಪತ್ರ: ಭಾರತೀಯರಿಗೆ ಪರವಾನಗಿ ಬೇಡ, ಗುರುತಿನ ಚೀಟಿ ಸಾಕು. ವಿದೇಶಿ ಪಾಸ್‌ಪೋರ್ಟಿನವರಿಗೆ ಪಿಯೊ ಟಾಬೊ ನಡುವಿನ ಗಡಿಭಾಗಕ್ಕೆ ಪರವಾನಗಿ ಬೇಕು. ಅಮೆರಿಕ, ಇಂಗ್ಲೆಂಡಿನಿಂದ ಬಂದು ಮನೆಯವರ ಜೊತೆ ಹೊರಡುವ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನ ಕನ್ನಡಿಗರೂ ಈ ಲೆಕ್ಕಕ್ಕೇ ಬರುತ್ತಾರೆ. ಕಾರ್ಡ್ ಇದೆಯಲ್ಲ ಎಂದು ನೇರ ತನಿಖಾ ಠಾಣೆಗೆ ಹೋದರೆ ಅಲ್ಲಿಂದ ವಾಪಸ್ ಪಿಯೊಗೆ. ಶಿಮ್ಲಾ ಅಥವಾ ಪಿಯೊದಲ್ಲಿ ಕಚೇರಿ ತೆರೆದಿರುವ ದಿನ ನೋಡಿ ಮೊದಲೇ ಮಾಡಿಸಿಕೊಳ್ಳಿ. ಲಡಾಖಿನಂತಲ್ಲದೆ ಇಲ್ಲಿ ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ನಡೆಯುತ್ತದೆ, ಸಿಗ್ನಲ್ ಇದ್ದಲ್ಲಿ. ಕಾಜಾದ ಎಟಿಎಂ ನಂಬಿ ಖಾಲಿ ಜೇಬಿನಲ್ಲಿ ಹೋಗಬೇಡಿ. ಹೋಮ್‌ಸ್ಟೇಗಳಲ್ಲಿ ನಗದೇ ನಗದು. ಪೆಟ್ರೋಲ್ ಪಿಯೊ ಕೆಳಗಿನ ಪೊವಾರಿಯಲ್ಲಿ ತುಂಬಿಸಿದರೆ ಮುಂದೆ ಭರವಸೆಯ ಬಂಕ್ ಕಾಜಾದ್ದು, ಸುಮಾರು 200 ಕಿ.ಮೀ. ಢಂಕರ್, ಲ್ಹಾಲುಂಗ್ ಎಂದು ಅಡ್ಡದಾರಿ ಹಿಡಿದರೆ ಅದಕ್ಕೆ ಇನ್ನೂ 40, 50 ಸೇರಿಸಿಕೊಳ್ಳಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ, ಢಂಕರ್ ತಿರುವುಗಳಲ್ಲಿ ನಾಲ್ಕು ಜನ ಕುಳಿತ ಸಣ್ಣ ಕಾರಿಗೆ ಮೊದಲ ಗೇರೇ ಗತಿ. ಇಳಿಯುವಾಗಲೂ ಅದೇ ಗೇರು, ಬ್ರೇಕ್ ಒತ್ತಿಹಿಡಿದು ಇಳಿದರೆ ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಹತ್ತುವ ಗಾಡಿಗೆ ದಾರಿ ಬಿಡುವುದು ಇಲ್ಲಿನ ಪದ್ಧತಿ.

ಹೊರಹೋಗುವಾಗ ಕೀಯಿಂದ ಮತ್ತೆ ಕಾಜಾಗೆ ಇಳಿಯಬೇಕಿಲ್ಲ. ಕಿಬ್ಬರ್ ದಾಟಿ, ಆಳ ಕಮರಿಯ ಮೇಲಿನ ಚಿಚಂ ಸೇತುವೆಯಿಂದ ಲೋಸರ್ ಕಡೆಯ ಹೆದ್ದಾರಿ ಸೇರಬಹುದು. ಆದರೆ ಪೆಟ್ರೋಲ್ ಹಿಂದಿನ ದಿನವೇ ಕಾಜಾದಲ್ಲಿ ತುಂಬಿಸಿಕೊಂಡಿರಬೇಕು, ಮುಂದೆ ಲಾಹೌಲ್ ಅಥವಾ ಮನಾಲಿ ತನಕ ಬಂಕ್ ಇಲ್ಲ. ಕುಂಜುಮ್ ಸಾಮಾನ್ಯವಾಗಿ ಜೂನ್ ಆಸುಪಾಸಿನಲ್ಲಿ ತೆರೆದು ಅಕ್ಟೋಬರ್ ಕೊನೆಗೆ ಮುಚ್ಚುತ್ತದೆ. ತೆರೆದಿದೆಯೇ ಎಂದು ಕಾಜಾದ ಟ್ಯಾಕ್ಸಿಯವರನ್ನು ಕೇಳಿ, ಫೋನಿನ ನಕ್ಷೆಯನ್ನಲ್ಲ. ಬಾತಲ್ ಮತ್ತು ಛತ್ರು ನಡುವೆ ರಸ್ತೆಗೇ ಅಡ್ಡ ಹರಿಯುವ ಹಳ್ಳಗಳಿವೆ. ಮೇಲಿನ ಹಿಮ ಹಗಲಿನ ಬಿಸಿಲಿಗೆ ಕರಗಿ ಇಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ, ಬೆಳಗ್ಗೆ ಪಾದ ಮುಳುಗುವಷ್ಟಿದ್ದದ್ದು ಆಗ ಮೊಣಕಾಲು. ಲೋಸರ್‌ನಲ್ಲಿ ಮಲಗಿ ಆರಕ್ಕೆ ಹೊರಟರೆ ಇವನ್ನೆಲ್ಲ ಹನ್ನೊಂದರೊಳಗೆ ದಾಟಬಹುದು. ನೀರಿಗಿಳಿಯುವ ಮುನ್ನ ಇಳಿದು ನೋಡಿ, ಇನ್ನೊಂದು ಗಾಡಿ ದಾಟುವ ಜಾಡು ಗಮನಿಸಿ, ಮೊದಲ ಗೇರಿನಲ್ಲಿ ಕ್ಲಚ್ ಒತ್ತದೆ ಒಂದೇ ಸಮನೆ ಹೋಗಿ. ನಡುವೆ ಎಂಜಿನ್ ನಿಂತು ಸೈಲೆನ್ಸರಿಗೆ ನೀರು ಹೊಕ್ಕರೆ ಮತ್ತೆ ಸ್ಟಾರ್ಟ್ ಮಾಡಲು ಹೋಗದೆ, ಹಿಂದಿನ ಗಾಡಿಯವರ ಹಗ್ಗ ಕೇಳಿ.